ಹುರುಳಿ ತುಳಿದ ಕಾರು

"ಗುರುಗಳೇ, ನನ್ನ ಸಿಟ್ಟು ನನ್ನೊಳಗೆ ಎಲ್ಲಿ ಕೂತಿದೆ?" ಎಂದು ಮುರಿಗೆಪ್ಪ ಕೇಳಿದ. "ಹೊರಗಿನವರ ಮುಂದೆ ನಾನು ಬೆಣ್ಣೆ. ಮನೆಯ ಹೊಸಿಲು ದಾಟಿದರೆ ಕೆಂಡ. ನಿನ್ನೆ ಹೆಂಡತಿ ಊಟಕ್ಕೆ ಕರೆದದ್ದೇ ತಪ್ಪಾಗಿ ತಟ್ಟೆ ಎಸೆದೆ. ಅವಳು ತವರಿಗೆ ಹೊರಟು ನಿಂತಿದ್ದಾಳೆ. ಒಳಗಿರುವ ಆ ಕೆಟ್ಟದ್ದನ್ನು ಹುಡುಕಿ ಕಿತ್ತೊಗೆಯುವ ದಾರಿ ಹೇಳಿ."

ಮುರಿಗೆಪ್ಪ ಸಂಸಾರಸ್ಥ, ಮಠದ ಶಿಷ್ಯ. ಊರಿನಲ್ಲಿ ಯಾರ ಮದುವೆ, ಯಾರ ಮನೆಗೆಲಸ, ಯಾರ ಕಚೇರಿಯ ಓಡಾಟವಿದ್ದರೂ ಮೊದಲು ಅವನಿಗೇ ಹೇಳಿಕಳಿಸುತ್ತಿದ್ದರು. ಗುರುಗಳಿಗೆ ಅದು ಗೊತ್ತಿತ್ತು. ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಡ್ರೈವರ್ ಇದ್ದ. ಅವನಿಗೊಂದು ಹಳೆಯ ಕಾರು. ಅದು ಅವನ ಬಾಳಿಗೆ ಬಂದದ್ದು ಹೆಂಡತಿಗಿಂತ ಎರಡು ವರ್ಷ ಮೊದಲು. ಆ ಹಿರಿತನವನ್ನು ಅವನು ಎಂದೂ ಮರೆತವನಲ್ಲ. ದಿಣ್ಣೆ ಹತ್ತುವಾಗ "ಇನ್ನೊಂಚೂರು, ನನ್ ತಾಯಿ" ಎನ್ನುವನು. ಹತ್ತಿದ ಮೇಲೆ ಸ್ಟೀರಿಂಗ್ ಸವರುವನು. ಊರಿನ ಹೆಂಗಸರು ಹೆರಿಗೆಗೆ ಪಟ್ಟಣದ ಆಸ್ಪತ್ರೆಗೆ ಹೋಗುತ್ತಿದ್ದದ್ದು ಅದರಲ್ಲೇ. ಮೂರು ಮಕ್ಕಳು ಆಸ್ಪತ್ರೆಯವರೆಗೂ ತಾಳದೆ ಹಿಂದಿನ ಸೀಟಿನಲ್ಲೇ ಹುಟ್ಟಿದ್ದವು.

ಡ್ರೈವರನಿಗೆ ಒಂದೇ ಊನ. ಕೇಳಿದವರಿಗೆ ಇಲ್ಲ ಎನ್ನಲು ಬಾರದು. ಹುರುಳಿ ಕೊಯ್ಲಿನ ಕಾಲಕ್ಕೆ ರೈತರು ಗಿಡಗಳನ್ನು ಟಾರು ರಸ್ತೆಯ ಮೇಲೆ ಹರಡುತ್ತಾರಲ್ಲ, ಗಾಡಿಗಳ ಚಕ್ರ ತುಳಿದು ಕಾಳು ಬಿಡಲಿ ಎಂದು. ಬಸ್ಸಿನವನು ಬೈದುಕೊಂಡು ಒಂದು ಸಲ ಹಾಯಿಸಿಕೊಂಡು ಹೋಗುತ್ತಾನೆ. ಲಾರಿಯವನದೂ ಅಷ್ಟೇ. ಇವನು ಮಾತ್ರ ಒಂದು ಗಿಡವೂ ತಪ್ಪದಂತೆ ನಿಧಾನವಾಗಿ ಓಡಿಸುವನು. "ಅಣ್ಣಾ, ಹಿಂದುಕ್ ಬಂದು ಇನ್ನೊಂದ್ ಸಲ ತುಳಿಸ್ಬಿಡು" ಎಂದರೆ ಹಿಂದಕ್ಕೂ ಬರುವನು. ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಮಾಡದಿದ್ದರೆ ಏನೆಂದುಕೊಂಡಾರು ಎಂಬ ದಾಕ್ಷಿಣ್ಯ. ಹೀಗೆ ಊರಿನ ಹುರುಳಿಯೆಲ್ಲ ಅವನ ಕಾರಿನಡಿಯಲ್ಲೇ ಕಾಳಾಯಿತು. ಊರಿಗೆ ಊರೇ ಅವನನ್ನು ಕೊಂಡಾಡಿತು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅವನ ಹೆಂಡತಿ ತಣ್ಣಗಾದ ಅನ್ನ ಬಡಿಸಿದಳು.

ಒಂದು ವರ್ಷ ಕೊಯ್ಲಿನ ನಡುವೆಯೇ ಕಾರು ಕಾಯತೊಡಗಿತು. ನಾಲ್ಕು ಮೈಲಿ ಹೋದರೆ ಕಾವು ತೋರಿಸುವ ಮುಳ್ಳು ಕೆಂಪಿಗೆ ಬರುವುದು, ಬಾನೆಟ್ಟಿನ ಸಂದಿಯಿಂದ ಹಬೆ ಏಳುವುದು. ಅದೇ ಹೊತ್ತಿಗೆ ಅವನ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮಗು ಅಡ್ಡವಾಗಿದೆ, ನೋವು ಕಾಣಿಸಿದ ಕೂಡಲೇ ಕರೆತನ್ನಿ, ಗಳಿಗೆಯೂ ತಡ ಮಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಬೇರೆ ಗಾಡಿ ಕರೆಸಿದರೆ ಅದು ಬರುವುದಕ್ಕೇ ಒಂದು ಗಂಟೆ ಬೇಕು. ಊರಿಗೂ ಪಟ್ಟಣಕ್ಕೂ ನಡುವೆ ದೊಡ್ಡ ದಿಣ್ಣೆ. ಕಾರು ಆ ದಿಣ್ಣೆಯ ಅರ್ಧಕ್ಕೇ ಕುದಿದು ನಿಲ್ಲುತ್ತಿತ್ತು.

ಡ್ರೈವರ್ ತನಗೆ ತಿಳಿದದ್ದನ್ನೆಲ್ಲ ಮಾಡಿದ. ನೀರು ನೋಡಿದ, ತುಂಬಿತ್ತು. ಬೆಲ್ಟು ಬದಲಾಯಿಸಿದ. ನೀರಿನ ಪಂಪು ಬದಲಾಯಿಸಿದ. ಕಾಯುವುದು ನಿಲ್ಲಲಿಲ್ಲ. ಭಯ ಹೆಚ್ಚಾಗಿ ಸಿಟ್ಟಾಯಿತು. ಒಂದು ದಿನ ಬಾನೆಟ್ಟಿನ ಮೇಲೆ ಗುದ್ದಿ, "ಇಷ್ಟ್ ವರ್ಷ ಸಾಕಿದ್ದಕ್ಕೆ ಈಗ ಕೈ ಕೊಡ್ತೀಯ?" ಎಂದು ಕೂಗಿದ. ಕೂಗಿದ ಮೇಲೆ ನಾಚಿಕೆಯಾಯಿತು. ಹೆಗಲ ಟವೆಲ್ಲಿನಿಂದ ಗುದ್ದಿದ ಜಾಗವನ್ನು ಒರೆಸಿದ.

ಕೊನೆಗೆ ನಿಂತು ನಿಂತು, ನೀರು ಹುಯ್ದುಕೊಂಡು, ದಿಣ್ಣೆಯಲ್ಲಿ ನೂಕಿಕೊಂಡು, ಪಟ್ಟಣದ ಮುದುಕ ಮೆಕ್ಯಾನಿಕ್ಕಿನ ಬಳಿ ತಂದ. "ಯಜಮಾನ್ರೇ, ಇಂಜಿನ್ ಪೂರಾ ಬಿಚ್ಬಿಡಿ. ಒಳಗೇನೋ ಕೆಟ್ಟೋಗೈತೆ" ಎಂದ.

ಮುದುಕ ಸ್ಪ್ಯಾನರು ಮುಟ್ಟಲಿಲ್ಲ. ಇಂಜಿನ್ ಚಾಲು ಮಾಡಿಸಿ, ಹಳೆಯ ಪೇಪರಿನ ಒಂದು ಹಾಳೆ ಹರಿದು, ಮುಂಭಾಗದ ರೇಡಿಯೇಟರಿಗೆ ಹಿಡಿದು ಕೈ ಬಿಟ್ಟ. ಇಂಜಿನ್ನಿನ ಕಾವು ಹೊತ್ತ ನೀರು ಆ ಜಾಲರಿಗೆ ಬಂದು ತಣಿಯುತ್ತದೆ. ತಣಿಯಲು ಹಿಂದಿರುವ ಫ್ಯಾನು ಅದರ ಮೂಲಕ ಗಾಳಿ ಎಳೆಯಬೇಕು. ಗಾಳಿ ಎಳೆದರೆ ಹಾಳೆ ಅಲ್ಲೇ ಅಂಟಿಕೊಂಡು ನಿಲ್ಲಬೇಕು. ಹಾಳೆ ಕೆಳಗೆ ಬಿತ್ತು. ಇನ್ನೊಮ್ಮೆ ಹಿಡಿದ. ಇನ್ನೊಮ್ಮೆ ಬಿತ್ತು.

ಮುದುಕ ಇಂಜಿನ್ ನಿಲ್ಲಿಸಿ, ಜಾಲರಿಯ ಹಿಂದೆ ಟಾರ್ಚು ಹಿಡಿದು, ಮುಂದಿನಿಂದ ನೋಡು ಎಂದ. ಬೆಳಕು ಕಾಣಲಿಲ್ಲ. ಪೊರಕೆ ಕಡ್ಡಿಯಿಂದ ಕೆದಕಿದ. ಹುರುಳಿ ಹೊಟ್ಟು ಉದುರಿತು. ವರ್ಷಗಳ ಹೊಟ್ಟು, ಧೂಳು ಕುಡಿದು ಗೋಡೆಯಂತೆ ಗಟ್ಟಿಯಾಗಿತ್ತು.

"ಇಂಜಿನ್ ಚಿನ್ನದಂಗೈತೆ ಕಣಯ್ಯ," ಎಂದ ಮುದುಕ. "ಓಡೋ ಇಂಜಿನ್ ಬಿಸಿಯಾಗ್ದೆ ಇರ್ತದಾ? ಆ ಕಾವು ಆಚೆಗೋಗೋ ದಾರಿ ಮುಚ್ಕಂಡ್ ಕೂತಿದೀಯ. ಇದು ಬಸುರೀರ್ನ ಹೊರೋ ಗಾಡಿನೋ, ಕಣದಾಗೆ ಕಾಳು ಬಿಡ್ಸೋ ಗುಂಡೋ?"

"ಪ್ರೀತಿಯಿಂದ ಕೇಳ್ತಾರೆ ಯಜಮಾನ್ರೇ. ಇಲ್ಲ ಅನ್ನೋದೆಂಗೆ?"

"ತೊಳ್ದು ಕೊಡೋದು ನನ್ ಕೆಲ್ಸ. ಇಲ್ಲ ಅನ್ನೋದು ನಿಂದು" ಎಂದು ಮುದುಕ ನೀರಿನ ಪೈಪು ಎತ್ತಿಕೊಂಡ.

ಮಧ್ಯಾಹ್ನ ಊರಿಗೆ ಮರಳುವಾಗ ಕಾರು ದಿಣ್ಣೆಯನ್ನು ಒಂದೇ ಉಸಿರಿಗೆ ಹತ್ತಿತು. ಇಳಿದರೆ, ರಸ್ತೆಯ ತುಂಬ ಹುರುಳಿ. ಪಕ್ಕದಲ್ಲಿ ಒಬ್ಬ ಅಜ್ಜಿ ಕೈಬೀಸುತ್ತಿದ್ದಳು. "ನೀನೇ ಬರ್ಲಿ ಅಂತ ಕಾಯ್ತಿದ್ದೆ ಕಣಪ್ಪ!"

ಡ್ರೈವರ್ ಕಾರು ನಿಲ್ಲಿಸಿದ. ದಿಣ್ಣೆಯಲ್ಲಿ ಕಾರು ನೂಕಿದಾಗಲೂ ಅವನು ಅಷ್ಟು ಬೆವರಿರಲಿಲ್ಲ. ಇಳಿದು, ಅಜ್ಜಿಯ ಮುಖ ನೋಡಲಾರದೆ ಅವಳ ಕಾಲು ನೋಡುತ್ತ ಹೇಳಿದ. "ಅಜ್ಜಿ, ಇನ್ಮೇಲೆ ಆಗಕಿಲ್ಲ. ಹೊಟ್ಟು ತುಂಬ್ಕಂಡು ಗಾಡಿ ಕಾಯ್ತೈತೆ. ಮಗಳು ತುಂಬಿದ ಬಸುರಿ."

"ಅಯ್ಯೋ ನಿನ್ನ! ಮೊದ್ಲೇ ಬಾಯ್ಬಿಟ್ಟು ಹೇಳೋದಲ್ವೇನೋ?" ಎಂದಳು ಅಜ್ಜಿ. "ಬಸ್ನೋನು ಬೈಕಂಡಾದ್ರೂ ತುಳಿಸ್ತಾನೆ, ಬಿಡು. ಮಗಳ ಹೆರಿಗೆ ಸುಸೂತ್ರವಾಗ್ಲಿ." ಕವೆಗೋಲಿನಿಂದ ಗಿಡಗಳನ್ನು ಸರಿಸಿ ದಾರಿ ಬಿಟ್ಟಳು. ಇಷ್ಟು ವರ್ಷ ಅವನು ಹೆದರಿಕೊಂಡಿದ್ದದ್ದು ಇಷ್ಟಕ್ಕೇ.

ಮೂರನೆಯ ದಿನ ಬೆಳಗ್ಗೆ ಮಗಳಿಗೆ ನೋವು ಕಾಣಿಸಿಕೊಂಡಿತು. ಕಾರು ದಿಣ್ಣೆ ಹತ್ತಿತು, ಇಳಿಯಿತು, ಮುಳ್ಳು ಅಲ್ಲಾಡಲಿಲ್ಲ. ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರಮ್ಮ. ಡ್ರೈವರ್ ಆಸ್ಪತ್ರೆಯ ಅಂಗಳಕ್ಕೆ ಬಂದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾನೆಟ್ಟಿಗೆ ಹಣೆ ಹಚ್ಚಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಇನ್ನು ಮೇಲೆ ಎದುರಿಗಿರುವವರು ಯಾರೇ ಆಗಲಿ, ಆಗದ್ದನ್ನು ಆಗುವುದಿಲ್ಲ ಎಂದೇಬಿಡುತ್ತೇನೆ."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಒಳ್ಳೆಯದು ಮಗು, ಹಾಗಾದರೆ ನಾಳೆ ದಿನವಿಡೀ ಮಠದ ಬಾವಿಯ ಹೂಳು ತೆಗೆಸಲು ನೀನೇ ಬಂದು ನಿಲ್ಲಬೇಕು ಎನ್ನುತ್ತೇನೆ, ಎಲ್ಲಿ, ಆಗುವುದಿಲ್ಲ ಎನ್ನು."

ಮುರಿಗೆಪ್ಪ ಬಾಯಿ ತೆರೆದ. ಮಾತು ಹೊರಡಲಿಲ್ಲ.