ತುಕ್ಕಿನ ಮೇಲೆ ನಿಕ್ಕಲ್

ಹತ್ತಿರ ಬನ್ನಿ, ಕೂತು ಕೇಳಿ. ಒಂದು ರಾಜ್ಯದಲ್ಲಿ ಒಬ್ಬ ದೊರೆ ಇದ್ದ. ಅವನ ಹತ್ತಿರ ಆನೆ ಇರಲಿಲ್ಲ, ಅಜ್ಜನ ಕಾಲದ ಮೋಟಾರು ಕಾರು ಇತ್ತು. ಓಡುತ್ತಿತ್ತು, ಆದರೆ ಮೈತುಂಬ ತುಕ್ಕು.

"ಅಜ್ಜ ಕೂತಾಗ ಇದ್ದ ಹೊಳಪು ನನಗೂ ಬೇಕು" ಎಂದ ದೊರೆ.

"ಆ ವಿದ್ಯೆ ನನಗೆ ಗೊತ್ತು ಮಹಾಸ್ವಾಮಿ. ಮನೆಯಲ್ಲೇ ಮಾಡಿಕೊಡುತ್ತೇನೆ" ಎಂದ ದಿವಾನ.

ವಿದ್ಯೆಯೇನೋ ಸುಳ್ಳಲ್ಲ. ದಿವಾನ ಬಚ್ಚಲುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟ. ವಿನೆಗರಿಗೆ ಉಪ್ಪು ಹಾಕಿ ನಿಕ್ಕಲ್ ಪಟ್ಟಿ ಇಳಿಬಿಟ್ಟ. ಕಾರಿನ ಬ್ಯಾಟರಿಯ ಒಂದು ತಂತಿ ಪಟ್ಟಿಗೆ, ಇನ್ನೊಂದು ತಂತಿ ಕಾರಿನಿಂದ ಬಿಚ್ಚಿ ತೊಟ್ಟಿಯಲ್ಲಿ ಮುಳುಗಿಸಿದ ಕಬ್ಬಿಣಕ್ಕೆ. ನೀರು ಹಸಿರಾಯಿತು. ಕಬ್ಬಿಣ ಬೆಳ್ಳಗಾಯಿತು. ಇದಕ್ಕೇ ಗಿಲೀಟು ಅನ್ನುವುದು.

ಮೊದಲು ಕಾರಿನ ದೀಪದ ಸುತ್ತಿನ ಬಳೆ ಬಂತು. ಚಾಲಕ ಮಾಳಿಂಗ ಜೋಡಿಸಿ ಬಟ್ಟೆಯಲ್ಲಿ ಒರೆಸಿದ. ಹೊಳಪು ಸಿಪ್ಪೆಯಂತೆ ಎದ್ದುಬಂತು. "ಒರಟು ಕೈ" ಎಂದ ದಿವಾನ. ಮಾಳಿಂಗನಿಗೆ ಚಾಟಿ ಏಟು ಬಿತ್ತು.

ಆಮೇಲೆ ಬಾಗಿಲ ಹಿಡಿ ಬಂತು. ಒರೆಸಿದ, ಎದ್ದಿತು. "ಬೇಕಂತಲೇ ಕೆರೆದಿದ್ದಾನೆ" ಎಂದ ದಿವಾನ. ಮಾಳಿಂಗನನ್ನು ಬಿಸಿಲಲ್ಲಿ ನಿಲ್ಲಿಸಿದರು.

"ಇನ್ನು ಮುಂದಿನ ಬಂಪರು. ಅದೂ ಎದ್ದರೆ ಮಾಳಿಂಗ, ಗಂಡ ಹೆಂಡತಿ ಇಬ್ಬರೂ ರಾಜ್ಯದ ಗಡಿ ದಾಟಿ" ಎಂದ ದೊರೆ. ಏನಾಯಿತು ಎಂದು ಮಾಳಿಂಗನನ್ನು ಒಂದು ಮಾತು ಕೇಳಿದನೇ? ಇಲ್ಲ. ದೊರೆಗಳು ಕೇಳುವುದಿಲ್ಲ.

ಮಾಳಿಂಗನ ಹೆಂಡತಿ ಈರವ್ವ ಅಳುವವಳಲ್ಲ, ಕೇಳುವವಳು.

"ಅಲ್ಲ ಕಣಯ್ಯ, ಒರೆಸಿದರೆ ಏಳೋದು ಎಂಥ ಹೊಳಪು?"

"ನನ್ನ ಕೇಳ್ತೀಯಲ್ಲ, ನಾನೇನು ದಿವಾನನಾ?"

"ಆಗಿದ್ರೆ ನಿನ್ನ ಕೇಳ್ತಾನೇ ಇರಲಿಲ್ಲ. ಚೆಲ್ಲು ಅಂತ ಕೊಟ್ಟವ್ರಲ್ಲ ಹಸಿರು ನೀರು, ಸವೆದ ಪಟ್ಟಿ, ಅವನ್ನ ಇಲ್ಲಿ ತಾ. ಬ್ಯಾಟರೀನೂ ತಾ."

"ಮುಟ್ಟಬ್ಯಾಡ್ವೇ, ವಿಷವಂತೆ."

"ಇಕ್ಕಳ ಐತೆ, ತಾ."

ಮನೆಯಲ್ಲಿ ತುಕ್ಕು ಹಿಡಿದ ಚಿಲಕಗಳಿದ್ದವು. ಒಂದನ್ನು ಹಾಗೇ ತಂತಿಗೆ ಕಟ್ಟಿ ಮುಳುಗಿಸಿದಳು. ಹೊಳೆಯಿತು. ಒರೆಸಿದಳು, ಎದ್ದಿತು. ಇನ್ನೊಂದನ್ನು ಬಟ್ಟೆಯಲ್ಲಿ ಒರೆಸಿ ಮುಳುಗಿಸಿದಳು. ಅದೂ ಎದ್ದಿತು. ಎದ್ದ ಸಿಪ್ಪೆಯನ್ನು ಮಗುಚಿ ನೋಡಿದಳು. ಬೆನ್ನಲ್ಲಿ ಕೆಂಪು ತುಕ್ಕು ಅಂಟಿತ್ತು.

"ಓಹೋ, ಇದು ಕಬ್ಬಿಣದ ಮೇಲೆ ಕೂತೇ ಇಲ್ಲ. ತುಕ್ಕಿನ ಮೇಲೆ ಕೂತೈತೆ."

ಮತ್ತೊಂದು ಚಿಲಕವನ್ನು ಮರಳು ಹಾಕಿ ತಿಕ್ಕಿದಳು. ಹುಣಸೆಹಣ್ಣಿನಲ್ಲಿ ತಿಕ್ಕಿದಳು. ಸೀಗೆಪುಡಿಯಲ್ಲಿ ಜಿಡ್ಡು ತೆಗೆದಳು. ಬರಿ ಕಬ್ಬಿಣ ಕಂಡ ಮೇಲೆ ಮುಳುಗಿಸಿದಳು. ಆಮೇಲೆ ಒರೆಸಿದಳು, ಉಜ್ಜಿದಳು, ಉಗುರಲ್ಲಿ ಕೆರೆದಳು. ಏಳಲಿಲ್ಲ.

ಬಂಪರು ಅರಮನೆಯ ಅಂಗಳಕ್ಕೆ ಬಂತು. ಮಾಳಿಂಗ ಅದನ್ನು ಮುಟ್ಟುವ ಮೊದಲೇ ಈರವ್ವ ಜಗಲಿಯ ಮೇಲಿದ್ದ ದೊರೆಗೆ ಕೈಮುಗಿದು ನಿಂತಳು.

"ಬುದ್ಧೀ, ಊರೆಲ್ಲ ಆಡ್ಕೊಳ್ತಾವ್ರೆ. ದಿವಾನರು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಸುರೆ ತಿಕ್ಕೋರಂಗೆ ತುಕ್ಕು ತಿಕ್ಕಿದ್ರಂತೆ. ಹೌದಾ?"

ದಿವಾನನಿಗೆ ಮೈಯೆಲ್ಲ ಉರಿಯಿತು. "ಯಾವನು ಹೇಳಿದ್ದು? ನಾನು ತಿಕ್ಕುವುದೇ? ಈ ಕೈ ತುಕ್ಕು ಮುಟ್ಟಿದ್ದೇ ಇಲ್ಲ."

"ಆಳಿನ ಕೈಲಿ ತಿಕ್ಕಿಸಿದ್ರೇನೋ?"

"ನನ್ನ ತೊಟ್ಟಿಯ ಹತ್ತಿರ ಆಳು ಬರುವುದೇ? ಯಾರೂ ತಿಕ್ಕಿಲ್ಲ."

"ಹಂಗಾದ್ರೆ ತುಕ್ಕು ಎಲ್ಲಿ ಹೋಯ್ತು ಬುದ್ಧೀ?"

ದೊರೆ ಕೆಳಗಿಳಿದು ಬಂಪರನ್ನು ಹೆಬ್ಬೆರಳಿನಲ್ಲಿ ಉಜ್ಜಿದ. ಸಿಪ್ಪೆ ಎದ್ದಿತು, ಬೆರಳು ಕೆಂಪಾಯಿತು. ಈರವ್ವ ತಾನು ತಿಕ್ಕಿ ಮುಳುಗಿಸಿದ್ದ ಚಿಲಕ ಮುಂದೆ ಹಿಡಿದಳು. ಅದನ್ನೂ ಉಜ್ಜಿದ. ಹೊಳಪು ಹಾಗೇ ಇತ್ತು.

"ತಪ್ಪು ದಿವಾನನದು" ಎಂದ ದೊರೆ.

"ಹೊಡೆಸಿದ್ದು ಯಾರು ಬುದ್ಧೀ?" ಎಂದಳು ಈರವ್ವ.

ದೊರೆ ಜನರೆಲ್ಲರ ಎದುರಿಗೆ ಮಾಳಿಂಗನ ಮುಂದೆ ನಿಂತು, "ಕೇಳದೆ ಹೊಡೆಸಿದೆ, ನಂದೂ ತಪ್ಪು" ಎಂದ. ದಿವಾನನಿಗೆ ಮರಳು, ಹುಣಸೆಹಣ್ಣು ಕೊಟ್ಟು ಕಾರಿನ ಪಕ್ಕ ಕೂರಿಸಿದರು. ಈರವ್ವ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಿದ್ದಳು: "ಮೂಲೆ ಬಿಟ್ಟೀರಿ ದಿವಾನರೇ, ಅಲ್ಲೂ ತಿಕ್ಕಿ."

ಮಕ್ಕಳೇ, ನೀತಿ ಇಷ್ಟೇ. ಕೊಳೆ ತಿಕ್ಕುವುದು ಕೀಳು ಎಂದವನ ಹೊಳಪು ನಿಲ್ಲುವುದಿಲ್ಲ. ಅದು ಎದ್ದುಬಂದ ದಿನ ಅವನು ಬಡವನ ಕೈಯತ್ತ ಬೆರಳು ತೋರಿಸುತ್ತಾನೆ. ನಂಬಬೇಡಿ. ಉಗುರು ಹಾಕಿ ಕೆರೆದು ನೋಡಿ.