ದರ್ಜಿ ಮಡಿಸಿದ ಬ್ರೇಕ್ ಪೈಪು

ಕರಿಬಸಯ್ಯ ಗುರುಗಳನ್ನು ಕೇಳಿದ: “ಬುದ್ಧಿ, ಬೇಗ ಫಲ ಕೊಡುವ ಸಾಧನೆ ಒಂದಿದೆ, ತಡವಾಗಿ ಕೊಡುವುದು ಒಂದಿದೆ. ಎರಡರಿಂದಲೂ ಮನಸ್ಸು ಶಾಂತವಾಗುವುದಾದರೆ ಬೇಗ ಕೊಡುವುದನ್ನು ಆರಿಸಿಕೊಂಡರೆ ತಪ್ಪೇನು?”

ಅವನು ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. ಮನೆಯಲ್ಲಿ ನೆನಪು ಕಳೆದುಕೊಂಡ ತಾಯಿ ಇದ್ದಳು. ಕೇಳಿದ್ದನ್ನೇ ಕೇಳುತ್ತಿದ್ದ ಅವಳ ಮೇಲೆ ಅವನು ಒಂದು ದಿನ ರೇಗಿ ಕೂಗಿದ್ದ. ಅವಳು ಮಗನನ್ನು ಯಾರೋ ಹೊರಗಿನವನೆಂದು ತಿಳಿದು, ಕೈಮುಗಿದು, “ತಪ್ಪಾಯ್ತು ಸ್ವಾಮಿ, ಹೊಡೀಬೇಡಿ” ಎಂದಿದ್ದಳು. ಅದನ್ನು ತಾಳಲಾರದೆ ತಾಯಿಯನ್ನು ತಂಗಿಯ ಮನೆಯಲ್ಲಿ ಬಿಟ್ಟು, ಸಿಟ್ಟು ಕಳೆದುಕೊಳ್ಳಲೆಂದು ಇಲ್ಲಿಗೆ ಬಂದಿದ್ದ. ಗುರುಗಳು ಹೇಳಿಕೊಟ್ಟ ದಾರಿ ನಿಧಾನದ್ದು. ಈಚೆಗೆ ಯಾರೋ ಯಾತ್ರಿಕರಿಂದ ಹನ್ನೊಂದು ದಿನದ ಉಸಿರಾಟದ ಕ್ರಮವೊಂದನ್ನು ಕಲಿತಿದ್ದ. ಮನಸ್ಸು ತಿಳಿಯಾದಂತಿತ್ತು, ನಾಳೆಯೇ ಹೋಗಿ ತಾಯಿಯನ್ನು ಕರೆತರಬೇಕೆಂದಿದ್ದ.

ಗುರುಗಳು ಹೇಳಿದರು:

ಗುಡ್ಡದ ಮೇಲಿನ ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅವನ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲ. ಗುಡ್ಡದ ಕೆಳಗೆ ಅವಳ ಅಕ್ಕನ ಮನೆ. ಪ್ರತಿ ಗುರುವಾರ ದರ್ಜಿ ತನ್ನ ಹಳೆಯ ಕಾರಿನಲ್ಲಿ ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಅಕ್ಕ ಅವಳ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದಳು. ವಾರವೆಲ್ಲ ಅವಳು ಕಾಯುತ್ತಿದ್ದದ್ದು ಅದೊಂದಕ್ಕೇ.

ಒಮ್ಮೆ ಕಾರಿನ ಬ್ರೇಕ್ ಎಣ್ಣೆ ಹರಿಯುವ ಪೈಪು ತುಕ್ಕು ಹಿಡಿದು ಸೋರತೊಡಗಿತು. ಕಾರಿನ ರಿಪೇರಿಯನ್ನೆಲ್ಲ ದರ್ಜಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ, ಆ ವಿಷಯದಲ್ಲಿ ಅವನಿಗೆ ತುಸು ಜಂಬವೂ ಇತ್ತು. ಹೊಸ ಪೈಪು ತಂದ. ಪೈಪಿನ ತುದಿಯನ್ನು ಅರಳಿಸಿ ಅಂಚು ಮಾಡಿದರೆ ಮಾತ್ರ ಅದು ಜೋಡಣೆಯಲ್ಲಿ ಬಿಗಿಯಾಗಿ ಕೂರುತ್ತದೆ. ಅದಕ್ಕೊಂದು ಸಾಧನ ಬೇಕು. ಅಂಗಡಿಯವನು ಎರಡನ್ನು ಮುಂದಿಟ್ಟ.

“ಇದು ಫ್ರಿಜ್ ರಿಪೇರಿಯವರದು, ಅಂಚನ್ನು ಒಂದೇ ಸಲ ಮಡಿಸುತ್ತೆ. ಇದು ಎರಡು ಸಲ ಮಡಿಸುತ್ತೆ. ಬ್ರೇಕಿಗಾದರೆ ಎರಡು ಮಡಿಕೆಯದನ್ನೇ ಒಯ್ಯಿರಿ ಅಣ್ಣ. ಆದರೆ ಕೈ ಕೂರೋಕೆ ದಿನ ಹಿಡಿಯುತ್ತೆ.”

ದರ್ಜಿ ಅಲ್ಲಿಯೇ ಎರಡನ್ನೂ ಪ್ರಯೋಗಿಸಿದ. ಎರಡು ಮಡಿಕೆಯದು ಸೊಟ್ಟಗಾಯಿತು. ಒಂದು ಮಡಿಕೆಯದು ಮೊದಲ ಸಲಕ್ಕೇ ಹೂವಿನಂತೆ ಅರಳಿ ಫಳಫಳ ಹೊಳೆಯಿತು. ಅವನು ಅದನ್ನೇ ಕೊಂಡ. ನೋಡು, ಪರರ ಲಂಗದ ಅಂಚನ್ನು ಒಂದು ದಿನವೂ ಒಂದೇ ಮಡಿಕೆಗೆ ಬಿಟ್ಟವನಲ್ಲ ಆ ಮಹಾರಾಯ. ನೂಲು ಬಿಡುತ್ತದೆಂದು ಗೊತ್ತಿದ್ದೇ ಎರಡು ಮಡಿಕೆ ಹಾಕುತ್ತಿದ್ದ. ಸ್ವಂತದ ಕೆಲಸಕ್ಕೆ ಬಂದಾಗ ಆ ಬುದ್ಧಿ ಎಲ್ಲಿ ಹೋಯಿತೋ, ದೇವರೇ ಬಲ್ಲ.

ಪೈಪು ಕೂರಿಸಿ, ಎಣ್ಣೆ ತುಂಬಿ, ಒಳಗಿನ ಗಾಳಿ ತೆಗೆದ. ಹೆಂಡತಿಯನ್ನು ತನ್ನ ಸೀಟಿನಲ್ಲಿ ಕೂರಿಸಿ, ಅವಳ ಪಾದವನ್ನು ಕೈಯಾರೆ ಎತ್ತಿ ಬ್ರೇಕಿನ ಮೇಲಿಟ್ಟು, ಒತ್ತಿ ಹಿಡಿಯಲು ಹೇಳಿದ. ತಾನು ಕಾರಿನ ಅಡಿಗೆ ಹೋಗಿ ಮಲಗಿದ. ಹನಿ ಕಾಣಲಿಲ್ಲ. ಜೋಡಣೆಯ ಸಂದಿಯಲ್ಲಿ ತುಸು ತೇವವಿತ್ತು. ಹಳೆಯ ಎಣ್ಣೆ ಇರಬೇಕೆಂದು ಬಟ್ಟೆಯಲ್ಲಿ ಒರೆಸಿದ.

“ಬ್ರೇಕು ನಿಧಾನಕ್ಕೆ ಕೆಳಗೆ ಹೋಗ್ತಾ ಇದೆ ರೀ,” ಎಂದಳು ಹೆಂಡತಿ.

“ನಿನಗೆ ಹಾಗನ್ನಿಸುತ್ತೆ ಅಷ್ಟೆ. ನಾನು ಕಣ್ಣಾರೆ ನೋಡ್ತಾ ಇದೀನಿ, ಎಲ್ಲಾ ಸರಿಯಿದೆ.”

ಅವನು ತಾನೇ ಬಂದು ಕೂತು ಬ್ರೇಕನ್ನು ಒಮ್ಮೆ ಬಲವಾಗಿ ತುಳಿದು ಬಿಟ್ಟ. ಗಟ್ಟಿಯಾಗಿತ್ತು. ಅವಳು ಹಿಡಿದಷ್ಟು ಹೊತ್ತು ಅವನು ಹಿಡಿಯಲಿಲ್ಲ. ಅವಳು ವಾದ ಮಾಡಲಿಲ್ಲ.

ಗುರುವಾರ ಬಂತು. ಅವಳು ಬೆಳಿಗ್ಗೆಯೇ ಸ್ನಾನ ಮಾಡಿ, ಅಕ್ಕನಿಗೆಂದು ಕಡುಬು ಮಾಡಿ ಡಬ್ಬಿಗೆ ಹಾಕಿಕೊಂಡು, ಗೋಡೆ ಹಿಡಿದು ಬಂದು ಕಾರಿನಲ್ಲಿ ಕೂತಳು. ದರ್ಜಿ ಕೀಲಿ ಹಾಕಿದವನು ತಿರುಗಿಸದೆ ಕೇಳಿದ: “ಅವತ್ತು ಕೆಳಗೆ ಹೋಗ್ತಿದೆ ಅಂದೆಯಲ್ಲ, ಈಗ ಭಯ ಇಲ್ವಾ?”

“ನೀವು ಸರಿಯಿದೆ ಅಂದ ಮೇಲೆ ಮುಗೀತಲ್ಲ. ಹೊರಡಿ, ಅಕ್ಕ ಕಾಯ್ತಿರ್ತಾಳೆ.”

ದರ್ಜಿಗೆ ಮುಂದೆ ಇಳಿಜಾರು ಕಂಡಿತು, ಅದರ ಏಳು ತಿರುವುಗಳು ಕಂಡವು. ಪಕ್ಕದಲ್ಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತ ಕೂತವಳು ಕಂಡಳು. ಅವಳು ಜಗಳವಾಡಿದ್ದರೆ ಅವನು ಹೊರಟೇಬಿಡುತ್ತಿದ್ದ. ನಂಬಿದವಳನ್ನು ಕೂರಿಸಿಕೊಂಡು ಹೊರಡಲು ಆಗಲಿಲ್ಲ. ಅವನಿಗೆ ಅಳು ಬಂತು. ಕೀಲಿ ತೆಗೆದು, “ಈ ವಾರ ಬೇಡ ಕಣೆ,” ಎಂದ.

ಪೈಪನ್ನು ಬಿಚ್ಚಿ ನೋಡಿದ. ಆ ಹೊಳೆಯುವ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು.

ಅಂದೇ ಅಂಗಡಿಗೆ ಹೋಗಿ ಎರಡು ಮಡಿಕೆಯ ಸಾಧನವನ್ನು ತಂದ. ದಿನವೂ ಒಂದೊಂದು ತುಂಡು ಪೈಪನ್ನು ಹಿಡಿದು ಕೂತ. ಕೆಲವು ಸೊಟ್ಟಗಾದವು, ಕೆಲವು ಹರಿದವು. ಎಂಟನೆಯ ದಿನ ಎರಡು ತುದಿಯೂ ಅಚ್ಚುಕಟ್ಟಾಗಿ ಬಂದವು. ಕುಣಿದಾಡುತ್ತ ಹೆಂಡತಿಯ ಬೆರಳಿಗೆ ತಾಗಿಸಿ ತೋರಿಸಿದ. ಆಮೇಲೆ ನೋಡಿದರೆ ಜೋಡಣೆಗೆ ಬಿಗಿಯುವ ನಟ್ಟುಗಳನ್ನೇ ಪೈಪಿಗೆ ಹಾಕಿರಲಿಲ್ಲ. ಅಂಚು ಅರಳಿದ ಮೇಲೆ ನಟ್ಟು ಒಳಗೆ ಹೋಗುವುದುಂಟೇ? ಅಷ್ಟು ಚೆಂದದ ಅಂಚನ್ನು ಕೊಯ್ದು ಬಿಸಾಡಬೇಕಾಯಿತು. ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. “ಗುಂಡಿ ಹಾಕಿದ ಮೇಲೆ ಅಂಗಿಯೊಳಗೆ ತೂರೋಕೆ ಹೋದ ಹಾಗಾಯ್ತು!” ಎಂದಳು. ಅವನೂ ನಕ್ಕ, ಮತ್ತೆ ಕೂತ. ಹೀಗೆ ಇನ್ನೊಂದು ಗುರುವಾರವೂ ಕಳೆಯಿತು.

ಕೊನೆಗೆ ಪೈಪು ಕೂತಿತು. ಮತ್ತೆ ಅವಳ ಪಾದವನ್ನು ಬ್ರೇಕಿನ ಮೇಲಿಟ್ಟ. ಕಾರಿನ ಅಡಿಯನ್ನು ನೋಡಿ ಬಂದ, ಸಂದಿ ಒಣಗಿತ್ತು. ಅಷ್ಟಕ್ಕೆ ಎದ್ದು ಹೋಗದೆ ಬಾಗಿಲ ಬಳಿ ನೆಲದ ಮೇಲೆ ಕೂತು ಹೆಂಡತಿಯ ಮುಖವನ್ನೇ ನೋಡಿದ. ಅವಳು ಒತ್ತಿ ಹಿಡಿದಳು. ಬಹಳ ಹೊತ್ತು ಹಿಡಿದಳು. ಅವನು ಅವಸರ ಮಾಡಲಿಲ್ಲ.

“ನಿಂತಿದೆ ರೀ,” ಎಂದಳು.

ಮಾರನೆಯ ದಿನ ಗುರುವಾರವಲ್ಲ, ಆದರೂ ಅವರು ಹೊರಟರು.

ಗುರುಗಳು ಕತೆ ನಿಲ್ಲಿಸಿದರು. ಕರಿಬಸಯ್ಯ ತಲೆ ತಗ್ಗಿಸಿ ಕೈಮುಗಿದು, “ಬುದ್ಧಿ, ನನ್ನ ಶಾಂತಿ ಎಂಥದೋ ನನಗೆ ತಿಳಿಯದಾಯಿತು. ತಾವೇ ಪರೀಕ್ಷಿಸಿ ಹೇಳಬೇಕು,” ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: “ಅದನ್ನು ನನ್ನನ್ನು ಕೇಳಬೇಡ ಮಗು, ನಿನ್ನ ತಾಯಿಯ ಮುಖ ನೋಡಿ ತಿಳಿದುಕೋ.”