ಗಡಿಯಾರದ ಹಿಂದಿನ ಹಲ್ಲಿ

ಹೈಸ್ಕೂಲೊಂದರ ಹೆಡ್‌ಮಾಸ್ಟರ ಕೋಣೆಯಲ್ಲಿ, ಗೋಡೆ ಗಡಿಯಾರದ ಹಿಂದೆ ಒಂದು ಹಲ್ಲಿ ಬಿಡಾರ ಹೂಡಿತ್ತು. ಹೆಡ್‌ಮಾಸ್ಟರು "ಈ ಸಲ ರಿಸಲ್ಟು ನೂರಕ್ಕೆ ನೂರು" ಎಂದಾಗ ಅದು ಲೊಚಗುಟ್ಟಿತು. "ಹಲ್ಲಿ ನುಡೀತು ಕಣ್ರೀ, ಇನ್ನು ಸುಳ್ಳಾಗಲ್ಲ" ಎಂದು ಮೇಷ್ಟ್ರುಗಳು ಮೇಜಿಗೆ ಬೆರಳು ಕುಟ್ಟಿದರು. ಹಾಗೇ ಆಯಿತು. ಅಂದಿನಿಂದ ಹಲ್ಲಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲೂ ನಿಂತಿರಲಿಲ್ಲ ಅನ್ನಿ.

"ಈ ಶಾಲೆ ನಡೆಯುವುದೇ ನನ್ನ ನಾಲಿಗೆಯಿಂದ" ಎಂದು ಅದು ಕಿಟಕಿಯ ಗುಬ್ಬಿಗೆ ಹೇಳಿತು.

"ಹುಡುಗಿಯರು ಬೆಳಗಾಗುವ ಮೊದಲೇ ಖೊಖೊ ಆಡಿ ಮೊಣಕಾಲು ತರಚಿಕೊಳ್ಳುತ್ತಾರೆ. ತಾವು ನೋಡಿದ್ದೀರಾ?"

"ನೋಡುವ ಅಗತ್ಯ ನನಗಿಲ್ಲ."

ಜಿಲ್ಲಾ ಪಂದ್ಯದ ದಿನ ಹೆಡ್‌ಮಾಸ್ಟರು ನಿಟ್ಟುಸಿರಿಟ್ಟರು. "ಎದುರಿಗೆ ಪೇಟೆಯ ತಂಡ. ನಮ್ಮವರು ಸೋಲೋದು ಖಂಡಿತ." ಅದೇ ಹೊತ್ತಿಗೆ ಹಲ್ಲಿಗೊಂದು ನೊಣ ಸಿಕ್ಕಿತು. ನುಂಗಿ, ಖುಷಿಗೆ ಲೊಚಗುಟ್ಟಿತು. ಹೆಡ್‌ಮಾಸ್ಟರ ಮುಖ ಸಪ್ಪಗಾಯಿತು.

ಸಂಜೆ ಹುಡುಗಿಯರು ಕೇಕೆ ಹಾಕುತ್ತಾ ನುಗ್ಗಿದರು. "ಗೆದ್ವಿ ಸಾರ್!" ಎಂದು ನಾಯಕಿ ನಸೀಮಾ ಬೆಳ್ಳಿಬಣ್ಣದ ಕಪ್ಪನ್ನು ಮೇಜಿನ ಮೇಲಿಟ್ಟಳು. ಹೆಡ್‌ಮಾಸ್ಟರು ಇಡೀ ಶಾಲೆಗೆ ಮಂಡಕ್ಕಿ, ಮಿರ್ಚಿ ತರಿಸಿದರು.

ಕೋಣೆ ಖಾಲಿಯಾದ ಮೇಲೆ ಹಲ್ಲಿ ಇಳಿದು ಬಂದು ಕಪ್ಪಿನ ಪಕ್ಕ ಠೀವಿಯಿಂದ ಕೂತಿತು. "ಕಂಡಿರಾ ಗುಬ್ಬಕ್ಕ, ನನ್ನ ನುಡಿ ಫಲಿಸಿತು!"

"ತಾವು ನುಡಿದದ್ದು ಸೋಲನ್ನಲ್ಲವೇ?"

ಹಲ್ಲಿ ಬಾಲ ಕಳಚಿ ಗಡಿಯಾರದ ಹಿಂದಕ್ಕೆ ಓಟ ಕಿತ್ತಿತು. ಬಾಲ ಮಾತ್ರ ಕಪ್ಪಿನ ಪಕ್ಕದಲ್ಲೇ ಕುಣಿಯುತ್ತಿತ್ತು, ಗೆದ್ದದ್ದು ತಾನೇ ಎಂಬಂತೆ.